ಕುರ್ಚಿಗೆ ಹಿಡಿದದ್ದು ಕೊಳೆಯೋ, ಬಿಸಿಲೋ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಏಳು ವರ್ಷದ ಹಿಂದೆ ಗೃಹಪ್ರವೇಶಕ್ಕೆ ಅಂತ ಎಂಟು ಪ್ಲಾಸ್ಟಿಕ್ ಕುರ್ಚಿ ತಂದಿದ್ದೆವು. ನಾಲ್ಕು ಬಿಳಿ, ನಾಲ್ಕು ಕೆಂಪು. ಬಿಳಿಯವು ಅಂಗಳದ ಮೂಲೆಯಲ್ಲಿ ಮರದ ಕೆಳಗೆ ಇರುತ್ತವೆ. ಕೆಂಪಿನವು ತಾರಸಿಯ ಮೇಲೆ, ಒಣ ಹಾಕಿದ ಅಡಿಕೆ ಕಾಯೋಕೆ. ಈ ಮಳೆಗಾಲ ಮುಗಿಯುವಷ್ಟರಲ್ಲಿ ಬಿಳಿ ಕುರ್ಚಿಗಳಿಗೆಲ್ಲ ಹಸಿರು ಪಾಚಿ, ಕಪ್ಪು ಚುಕ್ಕೆ ಬಂದಿದೆ. ಎರಡಕ್ಕೆ ಅಡಿಕೆ ಚೊಗರಿನ ಕಲೆಯೂ ಹಿಡಿದಿದೆ. ಕೆಂಪಿನವಕ್ಕೆ ಪಾಚಿ ಇಲ್ಲ. ಆದರೆ ಬಣ್ಣ ಹೋಗಿ ಬೆಳ್ಳಗಾಗಿವೆ, ಕೂತು ಎದ್ದರೆ ಸೀರೆಗೆ ಪುಡಿ ಅಂಟುತ್ತೆ. ಪಕ್ಕದ ಮನೆಯವರು ಟಾಯ್ಲೆಟ್ ಆಸಿಡ್ ಹಾಕಿ ಅಂತಾರೆ. ಅತ್ತೆ ಸೀಮೆಎಣ್ಣೆಯಲ್ಲಿ ಒರೆಸು ಅಂತಾರೆ. ಹೀಟ್ ಗನ್ ಹಿಡಿದರೆ ಹೊಸದರ ಹಾಗಾಗುತ್ತೆ ಅಂತ ಮಗ ಮೊಬೈಲಿನಲ್ಲಿ ನೋಡಿದ್ದಾನೆ. ಪೇಂಟ್ ಹೊಡೆಸಬಹುದಾ? ಹೋದ ವಾರ ಮಾವನವರು ಕೆಂಪು ಕುರ್ಚಿಯಲ್ಲಿ ಕೂತಾಗ ಕಾಲಿನ ಹತ್ತಿರ ಟಕ್ ಅಂತ ಶಬ್ದ ಬಂತು, ಆದರೆ ಏನೂ ಕಾಣಲಿಲ್ಲ. ಅವರಿಗೆ 76 ವರ್ಷ. ಇವನ್ನೆಲ್ಲ ತೊಳೆದು ಇಟ್ಟುಕೊಳ್ಳೋದಾ, ಹೊಸದು ತರೋದಾ? ಹೊಸದು ತಂದರೆ ಏನು ನೋಡಿ ತರಬೇಕು?

ಉತ್ತರ: ಮೊದಲು ಆ ಟಕ್ ಶಬ್ದದ ವಿಷಯ ಹೇಳಿಬಿಡುತ್ತೇನೆ. ಆ ಕುರ್ಚಿಯಲ್ಲಿ ಇವತ್ತಿನಿಂದ ಯಾರೂ ಕೂರುವುದು ಬೇಡ. ಮಾವನವರಂತೂ ಖಂಡಿತ ಬೇಡ. ತಾರಸಿಯಿಂದ ಇಳಿಸಿ, ಯಾರ ಕೈಗೂ ಸಿಗದ ಕಡೆ ಇಡಿ. ಪ್ಲಾಸ್ಟಿಕ್ ಕುರ್ಚಿ ಮರದ ಕುರ್ಚಿಯ ಹಾಗೆ ಕಿರ್ರ್ ಅಂತ ವಾರಗಟ್ಟಲೆ ಎಚ್ಚರಿಸುವುದಿಲ್ಲ. ಒಂದು ಸಲ ಟಕ್ ಅನ್ನುತ್ತದೆ. ಮುಂದಿನ ಸಲ ಕಾಲೇ ಮುರಿಯುತ್ತದೆ. ಕೂತವರು ಹಿಂದಕ್ಕೆ ಬೀಳುತ್ತಾರೆ. ಎಪ್ಪತ್ತು ದಾಟಿದವರಿಗೆ ಆ ಬೀಳುವಿಕೆಯಲ್ಲಿ ಸೊಂಟದ ಮೂಳೆಯೇ ಹೋಗಬಹುದು.

ನಾನು ಪೀಣ್ಯದ ಮೋಲ್ಡಿಂಗ್ ಘಟಕವೊಂದರಲ್ಲಿ 24 ವರ್ಷ ಗುಣಮಟ್ಟ ನೋಡಿಕೊಳ್ಳುವ ಕೆಲಸ ಮಾಡಿದವನು. ವಾಪಸ್ ಬಂದ ಮುರಿದ ಕುರ್ಚಿಗಳನ್ನು ತಿರುಗಿಸಿ, ಎಲ್ಲಿಂದ ಸೀಳಿದೆ ಅಂತ ಹುಡುಕುವುದೇ ನನ್ನ ದಿನದ ಅರ್ಧ ಕೆಲಸವಾಗಿತ್ತು. ಕೊಳೆಯಿಂದ ಮುರಿದ ಕುರ್ಚಿ ಒಂದನ್ನೂ ನಾನು ನೋಡಿಲ್ಲ. ಬಿಸಿಲಿಗೆ ಬೆಂದು ಮುರಿದದ್ದನ್ನು ರಾಶಿ ರಾಶಿ ನೋಡಿದ್ದೇನೆ.

ನೀವು ಒಂದೇ ಪತ್ರದಲ್ಲಿ ಎರಡು ಬೇರೆ ಬೇರೆ ಕಾಯಿಲೆ ಬರೆದಿದ್ದೀರಿ. ಬಿಳಿ ಕುರ್ಚಿಗಳದ್ದು ಮೇಲೆ ಕೂತ ಕೊಳೆ. ತೊಳೆದರೆ ಹೋಗುತ್ತದೆ. ಕೆಂಪು ಕುರ್ಚಿಗಳದ್ದು ಕೊಳೆಯೇ ಅಲ್ಲ. ಸೀರೆಗೆ ಅಂಟುವ ಪುಡಿ ಆ ಪ್ಲಾಸ್ಟಿಕ್ಕೇ. ಅದನ್ನು ತೊಳೆದು ಹೊಸದು ಮಾಡಲು ಬರುವುದಿಲ್ಲ. ಎಂಟರಲ್ಲಿ ಯಾವುದು ಯಾವ ಗುಂಪಿಗೆ ಸೇರಿದ್ದು ಅಂತ ನೀವೇ ನೋಡಿಕೊಳ್ಳಬಹುದು. ಕುರ್ಚಿಯನ್ನು ಸುಮ್ನೆ ನೀರಲ್ಲಿ ತೊಳೆದು ಪೂರ್ತಿ ಒಣಗಲು ಬಿಡಿ. ಆಮೇಲೆ ಒಂದು ಕಪ್ಪು ಬಟ್ಟೆಯನ್ನು ಬೆರಳಿಗೆ ಸುತ್ತಿ, ಕೂರುವ ಜಾಗದ ಮೇಲೆ ಜೋರಾಗಿ ಒಂದು ಗೇಣು ಉಜ್ಜಿ. ಬಟ್ಟೆಗೆ ಸೀಮೆಸುಣ್ಣದಂಥ ಪುಡಿ ಬಂದರೆ ಮೇಲ್ಪದರ ಸತ್ತಿದೆ ಅಂತ ಅರ್ಥ. ಬರದಿದ್ದರೆ ಒಳ್ಳೆಯದು. ಹಾಗೇ ಕುರ್ಚಿಯನ್ನು ಬೋರಲು ಹಾಕಿ ಸೀಟಿನ ಅಡಿಭಾಗ ನೋಡಿ. ಬಿಸಿಲು ಕಾಣದ ಆ ಜಾಗದಲ್ಲಿ ಏಳು ವರ್ಷದ ಹಿಂದಿನ ಬಣ್ಣ ಹಾಗೇ ಇರುತ್ತದೆ. ಮೇಲಕ್ಕೂ ಕೆಳಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟು ಬಿಸಿಲು ಆ ಕುರ್ಚಿ ತಿಂದಿದೆ.

ಬಿಸಿಲು ಮಾಡುವುದೇನು? ಈ ಕುರ್ಚಿಗಳು ಬಹುತೇಕ ಪಾಲಿಪ್ರೊಪಿಲೀನ್, ನಮ್ಮ ಬಾಯಲ್ಲಿ ಪಿಪಿ. ಸೀಟಿನ ಅಡಿಯಲ್ಲಿ ತ್ರಿಕೋನದೊಳಗೆ 5 ಅಂತ ಗುರುತು ಇದ್ದರೆ ಅದೇ. ದಾನ ಅಂತ ಕರೆಯುವ ಪ್ಲಾಸ್ಟಿಕ್ ಕಾಳುಗಳನ್ನು 220 ಡಿಗ್ರಿಯ ಆಸುಪಾಸಿನಲ್ಲಿ ಕರಗಿಸಿ ಅಚ್ಚಿಗೆ ಒತ್ತಿದರೆ, ಒಂದೆರಡು ನಿಮಿಷದೊಳಗೆ ಇಡೀ ಕುರ್ಚಿ ಒಂದೇ ತುಂಡಾಗಿ ಬರುತ್ತದೆ. ಪಿಪಿಯೊಳಗೆ ಇರುವುದು ಉದ್ದುದ್ದ ಎಳೆಗಳು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಆ ಎಳೆಗಳನ್ನು ಕತ್ತರಿಸುತ್ತದೆ. ಕತ್ತರಿಸಿದ ತುದಿಗೆ ಗಾಳಿಯ ಆಮ್ಲಜನಕ ಸೇರಿಕೊಂಡು, ಪಕ್ಕದ ಎಳೆಯನ್ನೂ ಕೆಡಿಸುತ್ತದೆ. ಎಳೆ ಚಿಕ್ಕದಾದಷ್ಟೂ ಪ್ಲಾಸ್ಟಿಕ್ ಬಾಗುವುದು ಬಿಟ್ಟು ಬಿರಿಯತೊಡಗುತ್ತದೆ.

ಇದನ್ನು ತಡೆಯಲು ದಾನದ ಜೊತೆ ಯುವಿ (ಅಂದರೆ ಅತಿನೇರಳೆ) ಸ್ಟೆಬಿಲೈಜರ್ ಬೆರೆಸುತ್ತಾರೆ. ನೂರು ಕಿಲೋಗೆ ಕೆಲವು ನೂರು ಗ್ರಾಂ ಸಾಕು. ಆದರೆ ಅದು ದುಬಾರಿ. ಖರ್ಚು ಉಳಿಸಲು ಹೊರಟವರು ಮೊದಲು ಕೈ ಬಿಗಿ ಮಾಡುವುದೇ ಅಲ್ಲಿ. ಹಾಕಿದರೂ ಅದು ಶಾಶ್ವತವಲ್ಲ, ವರ್ಷ ವರ್ಷ ಸವೆಯುತ್ತದೆ. ಬಣ್ಣದ ಪಾಲೂ ಇದೆ. ಬಿಳಿಗೆ ಹಾಕುವ ಟೈಟಾನಿಯಂ ಡೈಆಕ್ಸೈಡ್ ಒಂದಿಷ್ಟು ಕಿರಣವನ್ನು ತಡೆಯುತ್ತದೆ. ಕಪ್ಪಿಗೆ ಹಾಕುವ ಕಾರ್ಬನ್ ಬ್ಲ್ಯಾಕ್ ಎಲ್ಲಕ್ಕಿಂತ ಚೆನ್ನಾಗಿ ತಡೆಯುತ್ತದೆ. ಅಗ್ಗದ ಕೆಂಪು ಬಣ್ಣಗಳಲ್ಲಿ ಹಲವು ತಾವೇ ಬಿಸಿಲಿಗೆ ಹಾರಿಹೋಗುತ್ತವೆ. ಅದರ ಮೇಲೆ ನಿಮ್ಮ ಕೆಂಪು ಕುರ್ಚಿಗಳು ನೆರಳೇ ಇಲ್ಲದ ತಾರಸಿಯಲ್ಲಿದ್ದವು. ಬಿಳಿಯವು ಮರದ ಕೆಳಗಿದ್ದವು. ಮರದ ನೆರಳು ಅವಕ್ಕೆ ಪಾಚಿ ಕೊಟ್ಟಿತು, ಜೀವವನ್ನೂ ಉಳಿಸಿತು.

ಕೆಟ್ಟದ್ದು ಕೂದಲೆಳೆಯಷ್ಟು ತೆಳು ಮೇಲ್ಪದರ ಮಾತ್ರ ಅಲ್ವಾ, ಒಳಗೆ ಗಟ್ಟಿ ಇದೆಯಲ್ಲ ಅಂತ ನಿಮಗೆ ಅನ್ನಿಸಬಹುದು. ಬಾಳೆ ಎಲೆ ನೆನಪು ಮಾಡಿಕೊಳ್ಳಿ. ಅಂಚಿನಲ್ಲಿ ಉಗುರಿನಷ್ಟು ಸೀಳು ಬಿದ್ದರೆ ಸಾಕು, ಮುಂದಕ್ಕೆ ಸರ್ರನೆ ಹರಿಯುತ್ತದೆ. ಸತ್ತ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ತುಂಬಿರುತ್ತವೆ. ಮೈಭಾರ ಬಿದ್ದಾಗ ಅದರಲ್ಲಿ ಒಂದು ಒಳಗಿನ ಗಟ್ಟಿ ಭಾಗಕ್ಕೂ ಹರಿಯುತ್ತದೆ. ಮಾವನವರಿಗೆ ಕೇಳಿಸಿದ್ದು ಬಹುಶಃ ಅದೇ.

ಈಗ ಬಿಳಿ ಕುರ್ಚಿಗಳಿಗೆ ಬರೋಣ. ಪಾಚಿ ಪ್ಲಾಸ್ಟಿಕ್ ತಿನ್ನುವುದಿಲ್ಲ. ಅದಕ್ಕೆ ಬೇಕಾದ್ದು ನೀರು, ಬೆಳಕು, ಮತ್ತೆ ಮೇಲೆ ಕೂತ ಧೂಳು. ಕಪ್ಪು ಚುಕ್ಕೆ ಹೆಚ್ಚಾಗಿ ಬೂಷ್ಟು. ಅದೂ ಧೂಳು, ಎಲೆರಸ, ಕೈಯ ಎಣ್ಣೆಯ ಮೇಲೆ ಬದುಕುತ್ತದೆ. ಆ ತಿಂಡಿಯನ್ನು ತೆಗೆದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಬರೀ ನೀರು ಹೊಯ್ದು ಮಣ್ಣು ಮರಳು ಹೋಗಲಿ. ಇದನ್ನು ಬಿಟ್ಟು ನೇರ ಉಜ್ಜಿದರೆ ಆ ಮರಳೇ ಉಪ್ಪುಕಾಗದದ ಹಾಗೆ ಗೀರುತ್ತದೆ. ಆಮೇಲೆ ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಎರಡು ಮೂರು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಕುರ್ಚಿಗೆಲ್ಲ ಹಚ್ಚಿ, ಹತ್ತು ನಿಮಿಷ ಹಾಗೇ ಬಿಡಿ. ಈ ಹತ್ತು ನಿಮಿಷ ಬಿಡುವುದರಲ್ಲೇ ಇರುವುದು ಎಲ್ಲ. ನೆಂದ ಪಾಚಿ ಬಟ್ಟೆ ಒಗೆಯುವ ಮೆತ್ತನೆ ಬ್ರಷ್ಷಿಗೇ ಬಿಟ್ಟುಕೊಳ್ಳುತ್ತದೆ. ನೆನೆಯದಿದ್ದರೆ ತೋಳು ನೋಯುವವರೆಗೆ ಉಜ್ಜಬೇಕು. ಸಂದಿಗಳಿಗೆ ಹಳೇ ಹಲ್ಲುಜ್ಜುವ ಬ್ರಷ್ ಚೆನ್ನ. ಸ್ಟೀಲ್ ನಾರು, ಬೂದಿ, ಇಟ್ಟಿಗೆ ಪುಡಿ ಬೇಡವೇ ಬೇಡ. ಅವು ಮಾಡುವ ಗೀರುಗಳಲ್ಲಿ ಮುಂದಿನ ವರ್ಷದ ಪಾಚಿ ಬೇರು ಬಿಟ್ಟ ಹಾಗೆ ಕೂರುತ್ತದೆ. ಪೇಟೆಯಲ್ಲಿ ಬೈಕ್ ತೊಳೆಯುವ ಪ್ರೆಷರ್ ಗನ್ನಿನಲ್ಲಿ ತೊಳೆಸುವವರಿದ್ದಾರೆ. ಗಟ್ಟಿ ಕುರ್ಚಿಗೆ ಎರಡು ಮೊಳ ದೂರದಿಂದಾದರೆ ತೊಂದರೆ ಇಲ್ಲ.

ಇಷ್ಟಕ್ಕೂ ಹೋಗದ ಕಪ್ಪು ಚುಕ್ಕೆಗೆ ಮಾತ್ರ ಬ್ಲೀಚಿಂಗ್ ಪೌಡರ್. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಹಾಕಿ, ಕಲಕಿ, ತಿಳಿಯಾಗಲು ಬಿಟ್ಟು, ಮೇಲಿನ ತಿಳಿನೀರು ಮಾತ್ರ ತೆಗೆದುಕೊಳ್ಳಿ. ಕೈಗೆ ಗ್ಲೌಸ್ ಇರಲಿ, ಹಳೇ ಬಟ್ಟೆ ಹಾಕಿಕೊಳ್ಳಿ. ಚುಕ್ಕೆ ಇರುವಲ್ಲಿ ಹಚ್ಚಿ, ಹತ್ತು ನಿಮಿಷಕ್ಕೆ ಚೆನ್ನಾಗಿ ತೊಳೆದುಬಿಡಿ. ಬಿಸಿಲಲ್ಲಿ ಹಚ್ಚಿ ಒಣಗಲು ಬಿಡಬೇಡಿ. ಕ್ಲೋರಿನ್ ಕೂಡ ಪಿಪಿಯ ಎಳೆಗಳನ್ನು ಬಿಸಿಲಿನ ಹಾಗೇ ಕೆಡಿಸುತ್ತದೆ, ನಿಧಾನಕ್ಕೆ. ವರ್ಷಕ್ಕೊಂದು ಸಲ ಆದರೆ ಅಡ್ಡಿಯಿಲ್ಲ. ವಾರ ವಾರ ಮಾಡಿದರೆ ಕುರ್ಚಿಯ ಆಯಸ್ಸು ನೀವೇ ತೆಗೆದ ಹಾಗೆ.

ಚೊಗರಿನ ಕಲೆಗೆ ಸೋಪು ಮೊದಲು ಹಾಕಬೇಡಿ. ಅಡಿಕೆಯ ಚೊಗರು ಸೋಪು, ಸೋಡಾ ತಗುಲಿದರೆ ಇನ್ನೂ ಕಪ್ಪಾಗುತ್ತದೆ. ಕಬ್ಬಿಣದ ಅಂಶ ಇರುವ ಬೋರ್ ನೀರಲ್ಲೂ ಅಷ್ಟೇ. ಅರ್ಧ ನಿಂಬೆಹಣ್ಣನ್ನು ಕಲೆಯ ಮೇಲೆ ನಿಧಾನಕ್ಕೆ ತಿಕ್ಕಿ, ಕಾಲು ಗಂಟೆ ಬಿಟ್ಟು ತೊಳೆಯಿರಿ. ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಇದ್ದರೆ ಒಂದು ಲೋಟ ನೀರಿಗೆ ಒಂದು ಚಮಚ ಕಲಸಿ ಬಟ್ಟೆಯಲ್ಲಿ ಅದ್ದಿ ಹಚ್ಚಬಹುದು. ಎರಡು ಮೂರು ಸಲ ಮಾಡಬೇಕಾಗಬಹುದು. ಹಿಡಿದ ಕಲೆ ಪೂರ್ತಿ ಹೋಗುತ್ತದೆ ಅಂತ ಮಾತು ಕೊಡಲಾರೆ, ತಿಳಿಯಂತೂ ಆಗುತ್ತದೆ. ನಿಂಬೆ ಹಚ್ಚಿದ ದಿನ ಬ್ಲೀಚಿಂಗ್ ಮುಟ್ಟಬೇಡಿ. ಚೆನ್ನಾಗಿ ತೊಳೆದು ಮರುದಿನ ಹಾಕಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಅರಿಶಿನದ ಕಲೆ ಮಾತ್ರ ಬಿಸಿಲಿಗೆ ತಾನೇ ಹೋಗುತ್ತದೆ. ತೊಳೆದು ಒಂದೆರಡು ದಿನ ಬಿಸಿಲಿಗಿಟ್ಟು ಒಳಗೆ ತನ್ನಿ. ಬಿಸಿಲಿನಿಂದ ಕುರ್ಚಿಗೆ ಆಗುವ ಉಪಕಾರ ನನಗೆ ಗೊತ್ತಿರುವುದು ಇದೊಂದೇ.

ಪಕ್ಕದ ಮನೆಯವರು ಹೇಳಿದ ಆಸಿಡ್ ವಿಷಯ. ಪಿಪಿಗೆ ಆ ಆಸಿಡ್ ಏನೂ ಮಾಡುವುದಿಲ್ಲ ಅನ್ನುವುದು ನಿಜ. ಆಸಿಡ್ ಕ್ಯಾನೇ ಪ್ಲಾಸ್ಟಿಕ್ಕಿನದು ಅಲ್ವಾ. ಆದರೆ ಅಗ್ಗದ ಕುರ್ಚಿಯಲ್ಲಿ ಬರೀ ಪಿಪಿ ಇರುವುದಿಲ್ಲ. ಸುಣ್ಣದಕಲ್ಲಿನ ನುಣುಪು ಪುಡಿಯನ್ನು ಫಿಲ್ಲರ್ ಅಂತ ಬೆರೆಸಿರುತ್ತಾರೆ. ಆಸಿಡ್ ಮೇಲ್ಪದರದಲ್ಲಿ ಕಾಣಿಸಿಕೊಂಡ ಆ ಪುಡಿಯನ್ನು ಬುರುಬುರು ಅಂತ ತಿಂದುಹಾಕುತ್ತದೆ. ಅವತ್ತು ಕುರ್ಚಿ ಬೆಳ್ಳಗೆ ಕಾಣುತ್ತದೆ. ಪುಡಿ ಇದ್ದ ಜಾಗ ಸೂಜಿ ಚುಚ್ಚಿದ ಹಾಗೆ ತೂತುತೂತಾಗಿ ಉಳಿಯುತ್ತದೆ. ಮುಂದಿನ ಮಳೆಗೆ ಪಾಚಿ ಎರಡರಷ್ಟು ಬರುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಬೇರೆ. ಒಂದು ಕಲ್ಯಾಣ ಮಂಟಪದವರು ಕುರ್ಚಿ ಬೇಗ ಹಾಳಾಗುತ್ತಿವೆ ಅಂತ ಕರೆದಿದ್ದರು. ನಾನು ಹೋದಾಗ ಹಿಂದಿನ ಗೋಡೆ ಮಗ್ಗುಲಲ್ಲಿ ಒಬ್ಬ ಹುಡುಗ ಕುರ್ಚಿ ತೊಳೆಯುತ್ತಿದ್ದ. ಬ್ಲೀಚಿಂಗ್ ಹಚ್ಚಿದ್ದ ಕುರ್ಚಿಗಳ ಮೇಲೆಯೇ, ಇನ್ನೂ ಬೆಳ್ಳಗಾಗಲಿ ಅಂತ ಟಾಯ್ಲೆಟ್ ಆಸಿಡ್ ಸುರಿದ. ಹಳದಿ ಹಸಿರು ಹೊಗೆಯಂಥದ್ದು ಎದ್ದಿತು. ಎರಡು ಹೆಜ್ಜೆ ಹಿಂದಕ್ಕೆ ಬಂದು ಗೋಡೆ ಹಿಡಿದು ಕೂತುಬಿಟ್ಟ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು, ಮಾತು ಬರುತ್ತಿರಲಿಲ್ಲ. ಎತ್ತಿಕೊಂಡು ಗಾಳಿಗೆ ಕರೆದುಕೊಂಡು ಹೋಗಿ, ಅಲ್ಲಿಂದ ಆಸ್ಪತ್ರೆಗೆ ಸೇರಿಸಿದೆವು. ಹುಷಾರಾದ, ಆದರೆ ಅವತ್ತಿನ ಅವನ ಉಸಿರಿನ ಶಬ್ದ ನನಗೆ ಈಗಲೂ ಮರೆತಿಲ್ಲ. ಬ್ಲೀಚಿಂಗ್ ಮತ್ತು ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ನಿಂಬೆ, ವಿನೆಗರ್ ಸೇರಿದರೂ ಬರುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಹೀಗಾದರೆ ಜೀವಕ್ಕೇ ಬರುತ್ತದೆ. ಮನೆಯಲ್ಲಿ ತೊಳೆಯುವ ಎಲ್ಲರಿಗೂ ಇದೊಂದು ಮಾತು ದಯವಿಟ್ಟು ಹೇಳಿ.

ಅತ್ತೆಯವರು ಸೀಮೆಎಣ್ಣೆ ಹೇಳಿದ್ದರಲ್ಲಿ ಒಂದು ಅನುಭವ ಇದೆ. ಒರೆಸಿದ ತಕ್ಷಣ ಬಣ್ಣ ಎದ್ದು ಕಾಣುತ್ತದೆ, ಅದು ಸುಳ್ಳಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರೂ ಹಾಗೇ. ಒಣ ಕಡಪ ಕಲ್ಲಿನ ಮೇಲೆ ನೀರು ಚೆಲ್ಲಿದರೆ ಕಪ್ಪಗೆ ಹೊಳೆಯುವುದಿಲ್ವಾ, ಅದೇ ಲೆಕ್ಕ. ಗೀರುಗಳೊಳಗೆ ಎಣ್ಣೆ ತುಂಬಿಕೊಂಡು ಬೆಳಕು ಚದುರುವುದು ನಿಲ್ಲುತ್ತದೆ. ಪ್ಲಾಸ್ಟಿಕ್ಕಿಗೆ ಎಣ್ಣೆ ಕುಡಿದು ಚೇತರಿಸಿಕೊಳ್ಳುವ ಗುಣ ಇಲ್ಲ. ನಾಲ್ಕು ದಿನಕ್ಕೆ ಅದೇ ಎಣ್ಣೆಗೆ ಧೂಳು ಮೆತ್ತಿಕೊಂಡು ಮೊದಲಿಗಿಂತ ಕೊಳಕಾಗುತ್ತದೆ. ಸೀಮೆಎಣ್ಣೆಯಂತೂ ಪಿಪಿಯೊಳಗೆ ಇಳಿದು ಅದನ್ನು ಮೆದುವಾಗಿಸುತ್ತದೆ, ಬೆಂಕಿಯ ಭಯ ಬೇರೆ. ಪೆಟ್ರೋಲ್, ಥಿನ್ನರ್ ಕೂಡ ಬೇಡ. ಮಕ್ಕಳು ಪೆನ್ನಿನಲ್ಲಿ ಗೀಚಿದ್ದರೆ ಸ್ಯಾನಿಟೈಜರ್ ಹತ್ತಿಯಲ್ಲಿ ಅದ್ದಿ ಒರೆಸಿ, ಸಾಕು.

ಮಗ ನೋಡಿದ ಹೀಟ್ ಗನ್ ವಿಡಿಯೋ ಮೋಸ ಅಂತ ನಾನು ಹೇಳುವುದಿಲ್ಲ. ಬಿಸಿ ಗಾಳಿಗೆ ಮೇಲ್ಪದರ ಸ್ವಲ್ಪ ಕರಗಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ, ಬಣ್ಣ ಗಾಢವಾಗಿ ಕಾಣುತ್ತದೆ. ಕಾರಿನ ಕಪ್ಪು ಬಂಪರಿಗೆ ಹೀಗೆ ಮಾಡುತ್ತಾರೆ. ಆದರೆ ತುಂಡಾದ ಎಳೆ ಮತ್ತೆ ಉದ್ದವಾಗುವುದಿಲ್ಲ. ಕೆಲವು ತಿಂಗಳ ಬಿಸಿಲಿಗೆ ಮತ್ತೆ ಬೆಳ್ಳಗಾಗುತ್ತದೆ. ಪಿಪಿ ಕರಗುವುದು 160 ಡಿಗ್ರಿಯ ಸುಮಾರಿಗೆ. ಹೀಟ್ ಗನ್ ಅದರ ಎರಡು ಮೂರು ಪಟ್ಟು ಬಿಸಿ ಉಗುಳುತ್ತದೆ. ಒಂದು ಕ್ಷಣ ಜಾಸ್ತಿ ಹಿಡಿದರೆ ಕಾಲು ಸೊಟ್ಟಗಾಗುತ್ತದೆ. ಬಂಪರಿನ ಮೇಲೆ ಯಾರೂ ಕೂರುವುದಿಲ್ಲ, ಕುರ್ಚಿಯ ಮೇಲೆ ಕೂರುತ್ತಾರೆ. ಬಿರುಕು ಇದೆಯೋ ಇಲ್ಲವೋ ಅಂತ ಹೇಳುವ ಮೇಲ್ಪದರವನ್ನೇ ಇದು ನಯ ಮಾಡಿ ಮುಚ್ಚಿಬಿಡುತ್ತದೆ. ನನಗೆ ಭಯ ಆಗುವುದು ಅದಕ್ಕೇ.

ಪೇಂಟಿನ ಕಥೆಯೂ ಹತ್ತಿರದ್ದೇ. ಪಿಪಿಗೆ ಏನೂ ಸುಲಭಕ್ಕೆ ಅಂಟುವುದಿಲ್ಲ. ಹೊಸ ಕುರ್ಚಿಯ ಮೇಲೆ ನೀರು ಚಿಮುಕಿಸಿ ನೋಡಿ, ಕೆಸುವಿನ ಎಲೆಯ ಮೇಲಿನ ಹಾಗೆ ಗುಂಡಗೆ ಕೂರುತ್ತದೆ. ಬಾಗಿಲಿಗೆ ಹೊಡೆಯುವ ಎನಾಮಲ್ ಪೇಂಟ್ ಇದರ ಮೇಲೆ ತಿಂಗಳೊಳಗೆ ಸಿಪ್ಪೆಯಾಗಿ ಏಳುತ್ತದೆ. ಪಿಪಿಗೆ ಅಂತಲೇ ಬೇರೆ ಪ್ರೈಮರ್ ಇದೆ, ಕಾರಿನ ಪೇಂಟ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಪ್ರೈಮರ್ ಅಂತ ಕೇಳಬೇಕು. ಪುಡಿ ಪೂರ್ತಿ ಹೋಗುವ ಹಾಗೆ ನುಣುಪು ಉಪ್ಪುಕಾಗದದಲ್ಲಿ ನೀರು ಹಾಕಿ ಉಜ್ಜಿ, ಒಣಗಿಸಿ, ಪ್ರೈಮರ್ ಕೊಟ್ಟು, ತೆಳುವಾಗಿ ಎರಡು ಸಲ ಸ್ಪ್ರೇ ಪೇಂಟ್ ಮಾಡಿದರೆ ನಿಲ್ಲುತ್ತದೆ, ಬಿಸಿಲನ್ನೂ ತಡೆಯುತ್ತದೆ. ಲೆಕ್ಕ ಹಾಕಿದರೆ ಒಂದು ಕುರ್ಚಿಗೆ ಹೊಸ ಕುರ್ಚಿಯ ಅರ್ಧ ಬೆಲೆ ಆಗಿಬಿಡುತ್ತದೆ. ಗಟ್ಟಿಯಿರುವ ಬಿಳಿ ಕುರ್ಚಿಗಳಿಗೆ ಇಷ್ಟವಿದ್ದರೆ ಮಾಡಿ. ಕೆಂಪಿನವಕ್ಕೆ ಬೇಡ, ಬಿರುಕು ಒಳಗೇ ಉಳಿದು ಕುರ್ಚಿ ಹೊಸದರ ಹಾಗೆ ಕಾಣುತ್ತದೆ, ಬಂದ ನೆಂಟರು ನಂಬಿ ಕೂರುತ್ತಾರೆ.

ಉಳಿದ ಮೂರು ಕೆಂಪು ಕುರ್ಚಿಗಳನ್ನು ಒಂದೊಂದಾಗಿ ನೋಡಿ. ಕೂತು ಪರೀಕ್ಷೆ ಮಾಡಬೇಡಿ. ಬೋರಲು ಹಾಕಿ, ಕಾಲು ಸೀಟಿಗೆ ಸೇರುವ ಮೂಲೆಗೆ ಟಾರ್ಚ್ ಬಿಡಿ. ಹಿಂದಿನ ಎರಡು ಕಾಲುಗಳನ್ನು ಹೆಚ್ಚು ಹೊತ್ತು ನೋಡಿ, ನಾವು ಒರಗಿದಾಗ ಭಾರ ಅಲ್ಲೇ ಬೀಳುವುದು. ಆ ಮೂಲೆಯಲ್ಲಿ ಉಗುರನ್ನು ಅಡ್ಡಕ್ಕೆ ಎಳೆಯಿರಿ. ಕಣ್ಣಿಗೆ ಕಾಣದ ಬಿರುಕು ಉಗುರಿಗೆ ತಡೆಯುತ್ತದೆ. ಆಮೇಲೆ ಕುರ್ಚಿಯನ್ನು ನಿಲ್ಲಿಸಿ, ಸೀಟಿನ ಮೇಲೆ ಎರಡೂ ಅಂಗೈ ಊರಿ ಮೈಭಾರ ಬಿಟ್ಟು ನಾಲ್ಕು ಸಲ ಒತ್ತಿ. ಒಳ್ಳೆಯ ಪಿಪಿ ಬಾಗಿ ಮತ್ತೆ ಮೇಲಕ್ಕೆ ಬರುತ್ತದೆ, ಶಬ್ದ ಮಾಡುವುದಿಲ್ಲ. ಟಿಕ್ ಅಂದರೂ, ಉಗುರು ತಡೆದರೂ ಆ ಕುರ್ಚಿ ಕೂರಲು ಬೇಡ. ನಿಮ್ಮ ವಿವರ ನೋಡಿದರೆ ನಾಲ್ಕೂ ಹೋಗುವ ಲಕ್ಷಣವೇ ಕಾಣುತ್ತದೆ.

ಬಿರುಕಿಗೆ ಫೆವಿಕ್ವಿಕ್, ಎಂ-ಸೀಲ್ ಹಾಕುವವರಿದ್ದಾರೆ. ಪೇಂಟ್ ಅಂಟದ ಕಾರಣಕ್ಕೇ ಇವೂ ಅಂಟುವುದಿಲ್ಲ. ತೂತು ಮಾಡಿ ತಂತಿಯಲ್ಲಿ ಹೊಲಿಯುವ ರೂಢಿ ಇದೆ. ಹೂಕುಂಡ ಇಡುವ ಸ್ಟೂಲಿಗೆ ಅದು ನಡೆಯುತ್ತದೆ. ಕೂರುವ ಕುರ್ಚಿಗೆ ಆ ತೂತುಗಳೇ ಹೊಸ ಬಿರುಕಿನ ಬಾಯಿ. ಕೂರಲಾಗದ ಕುರ್ಚಿಯ ಕಾಲು ಕತ್ತರಿಸಿ ಗುಜರಿಗೆ ಕೊಡಿ, ಯಾರೂ ಎತ್ತಿಕೊಂಡು ಹೋಗಿ ಮತ್ತೆ ಕೂರಬಾರದು. ಬಚ್ಚಲ ಒಲೆಗಂತೂ ಹಾಕಬೇಡಿ. ಪುಡಿ ಉದುರುವ ಕುರ್ಚಿಯನ್ನು ತೋಟದಲ್ಲಿ ಬಿಟ್ಟರೆ ಆ ಪುಡಿಯೆಲ್ಲ ಮಣ್ಣಿಗೆ ಸೇರುತ್ತದೆ. ಅದೂ ಬೇಡ.

ಇನ್ನು ಬಿಳಿ ಕುರ್ಚಿಗಳನ್ನು ಉಳಿಸಿಕೊಳ್ಳುವುದು. ಬಳಸದಿರುವಾಗ ಒಂದರ ಮೇಲೊಂದು ಪೇರಿಸಿ ಮಾಡಿನ ಕೆಳಗಿಡಿ. ತೊಳೆದ ಕೂಡಲೇ ಪೇರಿಸಬೇಡಿ, ನಡುವೆ ನೀರು ನಿಂತು ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಹೊರಗೇ ಇರಬೇಕಾದರೆ ಮುಂದಕ್ಕೆ ವಾಲಿಸಿಡಿ. ಸೀಟಿನ ತಗ್ಗಿನಲ್ಲಿ, ಟಾರ್ಪಾಲಿನ ಮಡಿಕೆಯಲ್ಲಿ ನಿಂತ ಒಂದು ಲೋಟ ನೀರು ಡೆಂಗಿ ಸೊಳ್ಳೆಗೆ ಸಾಕು. ಟಾರ್ಪಾಲು ಬಿಗಿಯಾಗಿ ಸುತ್ತುವ ಬದಲು ತೋಟಕ್ಕೆ ಕಟ್ಟುವ ಹಸಿರು ಶೇಡ್ ನೆಟ್ ಮೇಲೆ ಕಟ್ಟಿದರೆ ಗಾಳಿಯಾಡುತ್ತದೆ, ಬಿಸಿಲೂ ತಡೆಯುತ್ತದೆ. ತಾರಸಿಯಲ್ಲಿ ಅಡಿಕೆ ಕಾಯುವವರಿಗೂ ಅದರ ಕೆಳಗೆ ಒಂದಿಷ್ಟು ನೆರಳಾಯಿತು. ಮಾವನವರು ಕೂರುವ ಕುರ್ಚಿಯನ್ನು ಪಾಚಿ ಹಿಡಿದ ಕಲ್ಲು, ಒದ್ದೆ ಟೈಲ್ಸ್ ಮೇಲೆ ಇಡಬೇಡಿ. ನುಣುಪು ನೆಲದಲ್ಲಿ ಈ ಕುರ್ಚಿಗಳ ಕಾಲು ಅಗಲಕ್ಕೆ ಜಾರುತ್ತವೆ. ಗಟ್ಟಿ ಕುರ್ಚಿಯೂ ಹಾಗೇ ಕುಸಿಯುವುದು.

ಹೊಸದು ತರುವಾಗ ಕೈಯಲ್ಲಿ ಎತ್ತಿ ಭಾರ ಇದೆ, ಗಟ್ಟಿ ಇದೆ ಅಂತ ತೀರ್ಮಾನ ಮಾಡಬೇಡಿ. ಫಿಲ್ಲರ್ ಪುಡಿ ತೂಕ ಕೂಡಿಸುತ್ತದೆ, ಗಟ್ಟಿತನ ಕೂಡಿಸುವುದಿಲ್ಲ. ಗುಜರಿಗೆ ಕೊಡುವ ಮುಂಚೆ ಕೆಂಪು ಕುರ್ಚಿಯ ಒಂದು ಚೂರನ್ನು ಬಕೆಟ್ ನೀರಿಗೆ ಹಾಕಿ. ಅಪ್ಪಟ ಪಿಪಿ ನೀರಿಗಿಂತ ಹಗುರ, ತೇಲಬೇಕು. ಮುಳುಗಿದರೆ ನೀವು ಪ್ಲಾಸ್ಟಿಕ್ ಬೆಲೆ ಕೊಟ್ಟು ಕಲ್ಲಿನ ಪುಡಿ ತಂದಿದ್ದಿರಿ. ಅಂಗಡಿಯಲ್ಲಿ ಚೂರು ಮುರಿದು ನೋಡಲು ಬಿಡುವುದಿಲ್ಲ. ಕೈಹಿಡಿಯನ್ನು ಎರಡೂ ಕಡೆ ಹಿಡಿದು ಹೊರಕ್ಕೆ ಜಗ್ಗಿ. ಬಾಗಿ ವಾಪಸ್ ಬರಬೇಕು, ಬಗ್ಗಿಸಿದಲ್ಲಿ ಬಿಳಿ ಗೆರೆ ಉಳಿಯಬಾರದು. ಹೊರಗೆ ಬಿಸಿಲಲ್ಲಿ ಇಡುವುದಕ್ಕೆ ಅಂತ ಹೇಳಿ, ಯುವಿ ಸ್ಟೆಬಿಲೈಜರ್ ಹಾಕಿದ್ದಾರಾ, ಗ್ಯಾರಂಟಿ ಬಿಸಿಲಿಗೂ ಸೇರಿದೆಯಾ ಅಂತ ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಣ್ಣ ಬಿಳಿ ಅಥವಾ ಕಡು ಕಂದು ಇರಲಿ. ಕಪ್ಪು ಎಲ್ಲಕ್ಕಿಂತ ಬಾಳುತ್ತದೆ, ಆದರೆ ಏಪ್ರಿಲ್ ಮಧ್ಯಾಹ್ನ ತಾರಸಿಯಲ್ಲಿ ಅದರ ಮೇಲೆ ಕೂರಲಾಗುವುದಿಲ್ಲ. ಮಾವನವರಿಗೆ ಕೈಹಿಡಿ ಎತ್ತರವಾಗಿರುವ, ಕಾಲಿಗೆ ರಬ್ಬರ್ ಬುಷ್ ಇರುವ ಒಂದನ್ನು ಬೇರೆಯೇ ತನ್ನಿ. ಅಲ್ಲಿಯವರೆಗೆ ಅವರಿಗೆ ಮನೆಯೊಳಗಿನ ಮರದ ಕುರ್ಚಿಯನ್ನೇ ಹಾಕಿಕೊಡಿ.